ಮೇಲ್ ಕಳುಹಿಸಬೇಕೇ, ಎದ್ದು ಹೋಗಿ ಮಾತನಾಡಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಕಾಕತಿ ಕಡೆಯ ಕಾರ್ಖಾನೆಗಳಲ್ಲಿ ಕಚೇರಿ ಕೆಲಸಕ್ಕೆ ಹೊಸದಾಗಿ ಸೇರಿದವರು ಕೇಳುವ ಪ್ರಶ್ನೆಗಳಿವು. ಕೆಲವನ್ನು ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ಹಳಬರೂ ಕೇಳುತ್ತಾರೆ. ಫೌಂಡ್ರಿ ಇರಲಿ, ಮಷಿನ್ ಶಾಪ್ ಇರಲಿ, ಹೈಡ್ರಾಲಿಕ್ ಸಿಲಿಂಡರ್ ಮಾಡುವ ಘಟಕವಿರಲಿ, ಪರಿಸ್ಥಿತಿ ಹೆಚ್ಚುಕಡಿಮೆ ಒಂದೇ: ಗ್ರಾಹಕರು ಪುಣೆಯಲ್ಲೋ ಜರ್ಮನಿಯಲ್ಲೋ ಇರುತ್ತಾರೆ, ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡುವವರು ಹಿಂದಿನ ಓಣಿಯಲ್ಲಿ, ಸಾಹೇಬರು ಮೇಲಿನ ಮಹಡಿಯಲ್ಲಿ, ನಿಜವಾದ ಕೆಲಸ ಕೆಳಗೆ ಶಾಪ್‌ನಲ್ಲಿ. ಖರೀದಿ ಮತ್ತು ಗ್ರಾಹಕರ ಪತ್ರವ್ಯವಹಾರ ನೋಡಿಕೊಳ್ಳುವ ಮೇಜಿನಿಂದ ಉತ್ತರಿಸಿದ್ದೇನೆ. ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗೋ ವಿಜಯಪುರದ ಬ್ಯಾಂಕ್ ಶಾಖೆಗೋ ಹೊಂದದ ಮಾತು ಕಂಡರೆ ಅಷ್ಟನ್ನು ಬಿಟ್ಟು ಓದಿಕೊಳ್ಳಿ.

ಸುತ್ತಿಬಳಸದೆ ಹೇಳಿ. ಯಾವಾಗ ಮೇಲ್, ಯಾವಾಗ ಮಾತು?

ವಿಷಯ ಇನ್ನೂ ಇತ್ಯರ್ಥವಾಗದಿದ್ದರೆ ಮಾತನಾಡಿ. ಇತ್ಯರ್ಥವಾದ ಕೂಡಲೇ ಬರೆಯಿರಿ.

ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು. ಜಗಳವನ್ನೆಲ್ಲ ಮೇಲ್‌ನಲ್ಲಿ ಆಡುತ್ತಾರೆ. ಹದಿನಾಲ್ಕು ಮೇಲ್ ಹೋಗಿ ಬಂದು ಎಲ್ಲರ ತಲೆ ಬಿಸಿಯಾದ ಮೇಲೆ ಯಾರೋ ಒಬ್ಬರು ಬೇಸತ್ತು ಫೋನ್ ಎತ್ತುತ್ತಾರೆ. ಐದು ನಿಮಿಷದಲ್ಲಿ ರಾಜಿಯಾಗುತ್ತದೆ, ಆ ರಾಜಿಯನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಆರು ತಿಂಗಳ ನಂತರ ಲೆಕ್ಕ ಪರಿಶೋಧಕರೋ ಹೊಸ ಮ್ಯಾನೇಜರೋ ಆ ಮೇಲ್‌ಗಳನ್ನು ತೆರೆದಾಗ ಜಗಳವಷ್ಟೇ ಕಾಣಿಸುತ್ತದೆ. ಏನು ತೀರ್ಮಾನವಾಯಿತು ಎಂದು ಕೇಳಿದರೆ ಒಬ್ಬೊಬ್ಬರ ನೆನಪು ಒಂದೊಂದು ದಿಕ್ಕಿಗೆ. ಮುಂದಿನ ಉತ್ತರಗಳೆಲ್ಲ ಈ ಒಂದು ಅಭ್ಯಾಸವನ್ನು ತಿದ್ದುವ ಸಲುವಾಗಿಯೇ ಇವೆ.

ಫೋನಿನಲ್ಲಿ ಮಾತನಾಡಿದ ನಂತರ ಮತ್ತೆ ಮೇಲ್ ಕಳುಹಿಸಿದರೆ ಎದುರಿನವರಿಗೆ ನಂಬಿಕೆಯಿಲ್ಲ ಅನ್ನಿಸುವುದಿಲ್ಲವೇ?

ಬರೆಯುವ ಧಾಟಿಯ ಮೇಲೆ ಹೋಗುತ್ತದೆ. "ನೀವು ಒಪ್ಪಿಕೊಂಡಿರುವುದನ್ನು ಈ ಮೂಲಕ ದಾಖಲಿಸಲಾಗಿದೆ" ಎಂದು ಬರೆದರೆ ವಕೀಲರ ನೋಟಿಸಿನ ವಾಸನೆ ಬರುತ್ತದೆ. ಹೀಗೆ ಬರೆಯಿರಿ:

"ನಮಸ್ಕಾರ. ಇಂದು ಬೆಳಿಗ್ಗೆ ಫೋನಿನಲ್ಲಿ ಮಾತನಾಡಿದಂತೆ, ಬಾಕಿ ಇರುವ 200 ಹೌಸಿಂಗ್‌ಗಳನ್ನು ರಿವಿಷನ್ ಸಿ ಡ್ರಾಯಿಂಗ್ ಪ್ರಕಾರ ಮಾಡುತ್ತೇವೆ. ಈಗಾಗಲೇ ಎರಕ ಹೊಯ್ದಿರುವ 60 ಹೌಸಿಂಗ್‌ಗಳನ್ನು ರಿವಿಷನ್ ಬಿ ಪ್ರಕಾರವೇ ತಾವು ಸ್ವೀಕರಿಸುತ್ತೀರಿ. ನಾನು ತಪ್ಪಾಗಿ ತಿಳಿದುಕೊಂಡಿದ್ದರೆ ನಾಳೆ ಸಂಜೆಯೊಳಗೆ ತಿಳಿಸಿ, ಅಷ್ಟರವರೆಗೆ ಅಚ್ಚು ಕಟ್ಟುವುದನ್ನು ತಡೆದಿರುತ್ತೇವೆ."

ಇಲ್ಲಿ ಮುಖ್ಯವಾದದ್ದು ಕೊನೆಯ ವಾಕ್ಯ. ತಿದ್ದುವ ಅವಕಾಶ, ಗಡುವು, ಗಡುವಿನೊಳಗೆ ನಾವು ಏನು ಮಾಡುತ್ತೇವೆ ಎಂಬ ಭರವಸೆ, ಮೂರೂ ಅದರಲ್ಲಿವೆ. ಎದುರಿನವರು ಓದಿ ಸುಮ್ಮನಿದ್ದರೂ ನಮ್ಮ ಕೈ ಭದ್ರ. ಮಾತು ಮುಗಿದ ಅರ್ಧ ಗಂಟೆಯೊಳಗೆ ಕಳುಹಿಸಿಬಿಡಿ. ಮರುದಿನಕ್ಕೆ ಉಳಿದರೆ ನಿಮಗೇ ಅರವತ್ತೋ ಎಪ್ಪತ್ತೋ ಎಂಬ ಅನುಮಾನ ಶುರುವಾಗುತ್ತದೆ.

ಅಳತೆ, ಸಂಖ್ಯೆ, ದರ ಇಂಥವನ್ನು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲವೇ? ಮಷಿನ್ ಪಕ್ಕದಲ್ಲೇ ಇದೆಯಲ್ಲ?

ನಡೆಯುವುದಿಲ್ಲ. ಪಕ್ಕದಲ್ಲಿದ್ದರೂ ನಡೆಯುವುದಿಲ್ಲ.

ಒಂದು ಬೋರ್, ಅಂದರೆ ತುಂಡಿನೊಳಗೆ ಕೊರೆಯುವ ದುಂಡನೆಯ ರಂಧ್ರದ ಉದಾಹರಣೆ ತೆಗೆದುಕೊಳ್ಳಿ. ಡ್ರಾಯಿಂಗ್‌ನಲ್ಲಿ 40 ಎಚ್7 ಎಂದಿದೆ, ಅಂದರೆ 40.000ರಿಂದ 40.025 ಮಿಲಿಮೀಟರ್ ಒಳಗೆ ಬರಬೇಕು. ಅಳತೆ ನೋಡುವ ಗೇಜ್ ಒಳಗೆ ಹೋಗುತ್ತಿಲ್ಲ. ಹೊಸ ಇಂಜಿನಿಯರ್ ಕಚೇರಿಯಿಂದ ಫೋನ್ ಮಾಡಿ "ಇನ್ನೊಂದು ಹತ್ತು ತೆಗೆಯಿರಿ" ಎನ್ನುತ್ತಾರೆ. ಅವರ ತಲೆಯಲ್ಲಿರುವುದು ಹತ್ತು ಮೈಕ್ರಾನ್, ಅಂದರೆ 0.010 ಮಿಲಿಮೀಟರ್. ಮಷಿನ್ ಮುಂದೆ ನಿಂತವರಿಗೆ ಹತ್ತು ಎಂದರೆ ಡಯಲ್ ಮೇಲಿನ ಹತ್ತು ಗೆರೆ. ಒಂದು ಗೆರೆಗೆ 0.01ರಂತೆ ಒಟ್ಟು 0.10. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ, ಆದರೆ ಬೋರ್ ಮಾತ್ರ ಕೈಬಿಟ್ಟು ಹೋಯಿತು. ಕಡಿಮೆ ತೆಗೆದಿದ್ದರೆ ಮತ್ತೊಮ್ಮೆ ತೆಗೆಯಬಹುದಿತ್ತು, ಹೆಚ್ಚು ತೆಗೆದ ಲೋಹ ವಾಪಸ್ ಬರುವುದಿಲ್ಲ. ಎರಕ, ಅನೀಲಿಂಗ್, ರಫ್ ಕಟಿಂಗ್ ಎಲ್ಲ ಖರ್ಚನ್ನೂ ಹೊತ್ತುಕೊಂಡು ಆ ತುಂಡು ಸ್ಕ್ರ್ಯಾಪ್ ರಾಶಿಗೆ ಹೋಗುತ್ತದೆ.

ಇದರ ಮೇಲೆ ಬೆಳಗಾವಿಯ ಭಾಷೆಗಳ ಸಂತೆ ಬೇರೆ. ಒಂದೇ ಶಾಪ್‌ನಲ್ಲಿ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಎಣಿಸುವವರಿದ್ದಾರೆ. ಇಂಗ್ಲಿಷಿನಲ್ಲಿ ಹೇಳಿದರೆ ಹದಿನೈದೂ ಐವತ್ತೂ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ, ಅದರಲ್ಲೂ ಹಿಂದೆ ಗ್ರೈಂಡರ್ ಓಡುತ್ತಿದ್ದರೆ ಕೇಳುವುದೇ ಬೇಡ. ಅಂಕಿಯನ್ನು ಅಂಕಿಯಲ್ಲಿ, ಮಾನದೊಂದಿಗೆ ಬರೆದು ಕೊಡಿ.

ಹಾಗೆಂದು ಮೇಲ್ ಕಳುಹಿಸಿ ಕುರ್ಚಿಯಲ್ಲೇ ಕೂತರೂ ಆಗುವುದಿಲ್ಲ. ಮೇಲ್ ಸೂಪರ್‌ವೈಸರ್ ಮೊಬೈಲ್‌ಗೆ ತಲುಪುತ್ತದೆ, ಲೇಥ್‌ವರೆಗೆ ತಲುಪುವುದಿಲ್ಲ. ಹೊಸ ಡ್ರಾಯಿಂಗ್ ಪ್ರಿಂಟ್ ಹಿಡಿದು ಕೆಳಗಿಳಿಯಿರಿ, ಬದಲಾದ ಅಳತೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಿ, ಏಕೆ ಬದಲಾಯಿತು ಎಂದು ಎರಡು ಮಾತಿನಲ್ಲಿ ಹೇಳಿ, ಹಳೆಯ ಪ್ರಿಂಟನ್ನು ಕೈಯಾರೆ ವಾಪಸ್ ಪಡೆಯಿರಿ. ಹಳೆಯದು ಮಷಿನ್ ಪಕ್ಕದ ಡಬ್ಬಿಯಲ್ಲಿ ಉಳಿದರೆ ರಾತ್ರಿ ಪಾಳಿಯವರು ಅದನ್ನೇ ತೆಗೆದು ನೋಡುತ್ತಾರೆ.

ನಮ್ಮ ಹಿರಿಯ ಮಿಸ್ತ್ರಿ ಕಾಕಾ ಮೇಲ್ ತೆರೆಯುವುದೇ ಇಲ್ಲ. ಏನು ಮಾಡಬೇಕು?

ಅವರಿಗೆ ಮೇಲ್ ಕಳುಹಿಸಬೇಡಿ, ಅಷ್ಟೇ. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ರಂದು. ಅದಕ್ಕಿಂತ ಮೊದಲೇ ಕುಲುಮೆ ಮುಂದೆ ನಿಂತು ಬಣ್ಣ ನೋಡಿ ಕಾವು ಹೇಳುತ್ತಿದ್ದವರು ಈಗಲೂ ಕೆಲವರು ಕೆಲಸದಲ್ಲಿದ್ದಾರೆ. ಅವರ ಬಳಿಗೆ ನೀವೇ ಹೋಗಿ ಕೇಳಿ. ಅವರು ಹೇಳಿದ್ದನ್ನು ನೀವೇ ಬರೆದುಕೊಳ್ಳಿ, ಬರೆದದ್ದನ್ನು ಅವರೆದುರು ಓದಿ ಹೇಳಿ, ಆಮೇಲೆ ಸಂಬಂಧಪಟ್ಟವರಿಗೆ ಮೇಲ್ ಮಾಡಿ. "ಕಾಕಾ ಅವರು ಸೂಚಿಸಿದಂತೆ" ಎಂದು ಆ ಮೇಲ್‌ನಲ್ಲಿ ಅವರ ಹೆಸರು ಇರಲಿ. ಎರಕದಲ್ಲಿ ಬ್ಲೋ ಹೋಲ್ (ಗಾಳಿಗುಳ್ಳೆಯ ತೂತು) ಏಕೆ ಬರುತ್ತಿದೆ ಎಂದು ಪತ್ತೆ ಹಚ್ಚಿದ್ದು ಅವರು, ಮೇಲ್ ಬರೆದ ಹುಡುಗನಿಗೆ ಶಾಬಾಶ್‌ಗಿರಿ ಹೋದರೆ ಮುಂದಿನ ಸಲ ಅವರು ಬಾಯಿ ಬಿಡುವುದಿಲ್ಲ. ಬಿಡಬೇಕಾಗಿಯೂ ಇಲ್ಲ.

ಸರಕು ತಲುಪಿ ಎರಡು ತಿಂಗಳಾಯಿತು. ಹಣ ಕೇಳಿದರೆ ಗ್ರಾಹಕರು ಫೋನಿನಲ್ಲಿ "ಕ್ವಾಲಿಟಿ ತಕರಾರಿದೆ, ನೋಡೋಣ" ಎನ್ನುತ್ತಾರೆ. ಮೇಲ್‌ನಲ್ಲಿ ಏನೂ ಬರೆಯುವುದಿಲ್ಲ. ಮುಂದೇನು?

ಸಣ್ಣ ಘಟಕದವರು ಇದನ್ನು ಗಮನವಿಟ್ಟು ಓದಬೇಕು, ಏಕೆಂದರೆ ಇಲ್ಲಿ ಬರೆಯುವುದು ಮತ್ತು ಬರೆಯದಿರುವುದರ ನಡುವೆ ನೇರವಾಗಿ ದುಡ್ಡಿದೆ.

2006ರ ಎಂಎಸ್ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಖರೀದಿದಾರರಿಗೆ ಸರಕಿನ ಬಗ್ಗೆ ಆಕ್ಷೇಪವಿದ್ದರೆ ಸರಕು ತಲುಪಿದ 15 ದಿನಗಳೊಳಗೆ ಅದನ್ನು ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಸರಕು ತಲುಪಿದ ದಿನವೇ ಅದನ್ನು ಸ್ವೀಕರಿಸಿದಂತೆ ಎಂದು ಕಾನೂನು ಭಾವಿಸುತ್ತದೆ. ಪಾವತಿಯ ದಿನ ಎಣಿಸುವುದು ಅಲ್ಲಿಂದಲೇ. ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು, ಆದರೆ ಆ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಕೂಡುವ ಚಕ್ರಬಡ್ಡಿ. ಈ ರಕ್ಷಣೆ ನೋಂದಣಿ ಮಾಡಿಸಿದ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಸಿಗುತ್ತದೆ, ಮಧ್ಯಮ ಘಟಕಗಳಿಗೆ ಸಿಗುವುದಿಲ್ಲ.

ಹಾಗಾಗಿ ಫೋನಿನಲ್ಲಿ ಹೇಳಿದ "ನೋಡೋಣ" ಲಿಖಿತ ಆಕ್ಷೇಪವಾಗುವುದಿಲ್ಲ. ಅದೇ ದಿನ ಒಂದು ಸೌಮ್ಯವಾದ ಮೇಲ್ ಹಾಕಿ: ಇಂಥ ಚಲನ್ ಸಂಖ್ಯೆಯ ಸರಕು ಇಂಥ ದಿನ ತಲುಪಿದೆ, ಇದುವರೆಗೆ ಯಾವ ಲಿಖಿತ ತಕರಾರೂ ಬಂದಿಲ್ಲ, ಇಂದು ಫೋನಿನಲ್ಲಿ ಹೇಳಿದ ದೋಷದ ಫೋಟೋ ಮತ್ತು ಅಳತೆಯ ವರದಿ ಕಳುಹಿಸಿದರೆ ಕೂಡಲೇ ಪರಿಶೀಲಿಸುತ್ತೇವೆ. ಬಡ್ಡಿಯ ಮಾತನ್ನು ಮೊದಲ ಮೇಲ್‌ನಲ್ಲೇ ಎತ್ತಬೇಡಿ. ಮೊದಲು ಫೋನ್ ಮಾಡಿ, ಸಾಧ್ಯವಾದರೆ ಕೊಲ್ಲಾಪುರಕ್ಕೋ ಪುಣೆಗೋ ಒಮ್ಮೆ ಹೋಗಿಯೇ ಬನ್ನಿ. ಅರ್ಧಕ್ಕರ್ಧ ಪ್ರಕರಣಗಳಲ್ಲಿ ತಕರಾರು ಅನ್ನುವುದು ಅವರ ಕೈಯಲ್ಲೂ ದುಡ್ಡಿಲ್ಲ ಎಂಬುದಕ್ಕೆ ಮರ್ಯಾದೆಯ ಹೆಸರು, ಅದನ್ನು ಯಾರೂ ಮೇಲ್‌ನಲ್ಲಿ ಬರೆಯುವುದಿಲ್ಲ. ಎದುರು ಕೂತು ಚಹಾ ಕುಡಿಯುವಾಗ ಹೇಳುತ್ತಾರೆ. ಅಲ್ಲಿ ಎರಡು ಕಂತೋ ಮೂರು ಕಂತೋ ಎಂದು ಇತ್ಯರ್ಥವಾದರೆ, ವಾಪಸ್ ಬರುವ ದಾರಿಯಲ್ಲೇ ಮೇಲ್.

ನಾವೇ ಖರೀದಿದಾರರಾಗಿದ್ದಾಗಲೂ ಇದೇ ನಿಯಮ ನಮಗೆ ತಿರುಗಿ ಬೀಳುತ್ತದೆ. ಜಾಬ್ ವರ್ಕ್‌ಗೆ ಕೊಟ್ಟ ತುಂಡುಗಳಲ್ಲಿ ದೋಷ ಕಂಡರೆ ಹಿಂದಿನ ಓಣಿಯವರೆಂದು ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಹೇಳಿ, ಬರೆಯಿರಿ ಕೂಡ.

ಮೇಲ್‌ಗೆ ಕಾನೂನಿನ ಬೆಲೆ ಇದೆಯೇ? ಲೆಟರ್‌ಹೆಡ್, ಸಹಿ, ಸೀಲು ಏನೂ ಇಲ್ಲವಲ್ಲ?

ಇದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಟ್ಟಿದೆ. ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲ ಎಂದು ಅದರ 10ಎ ಕಲಂ ಹೇಳುತ್ತದೆ. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣದಲ್ಲಿ, ಔಪಚಾರಿಕ ಕರಾರುಪತ್ರಕ್ಕೆ ಸಹಿ ಬೀಳದಿದ್ದರೂ ಮೇಲ್‌ಗಳ ವಿನಿಮಯದಲ್ಲೇ ಒಪ್ಪಂದ ಏರ್ಪಟ್ಟಿದೆ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದ್ದರಿಂದ "ಓಕೆ, ಮುಂದುವರಿಯಿರಿ" ಎಂದು ಬರೆಯುವ ಮುನ್ನ ದರ, ಸಂಖ್ಯೆ, ಗಡುವು ಮೂರನ್ನೂ ಇನ್ನೊಮ್ಮೆ ನೋಡಿ.

ವ್ಯವಹಾರಕ್ಕೆಂದು ಒಂದು ಮೇಲ್ ವಿಳಾಸವನ್ನು ಗೊತ್ತುಪಡಿಸಿದ್ದರೆ, ಮೇಲ್ ಆ ಪೆಟ್ಟಿಗೆಗೆ ಬಂದು ಬಿದ್ದಾಗಲೇ ತಲುಪಿದಂತೆ. "ನಾನು ತೆರೆದೇ ನೋಡಿರಲಿಲ್ಲ" ಎಂಬುದು ಉತ್ತರವಾಗುವುದಿಲ್ಲ. ಇನ್ನೊಂದು ವಿಷಯ: ಪ್ರಿಂಟ್ ತೆಗೆದು ಫೈಲಿಗೆ ಹಾಕಿದ ಮೇಲೆ ಮೂಲ ಮೇಲ್ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ಪ್ರಿಂಟ್ ಜೊತೆಗೆ ನಿಗದಿತ ನಮೂನೆಯ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ. ಮೂಲವೇ ಇಲ್ಲದಿದ್ದರೆ ಅದನ್ನು ಬರೆದುಕೊಡಲು ಯಾರೂ ಮುಂದೆ ಬರುವುದಿಲ್ಲ. ವ್ಯಾಜ್ಯದವರೆಗೆ ಹೋದರೆ ವಕೀಲರನ್ನು ಕೇಳಿ.

ನಮಗೆ ಸರಬರಾಜು ಮಾಡುವವರಿಂದ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಣ ಹಾಕಿ" ಎಂದು ಮೇಲ್ ಬಂದಿದೆ. ಲಿಖಿತವಾಗಿ ಬಂದಿರುವುದರಿಂದ ಹಾಕಬಹುದೇ?

ಹಾಕಬೇಡಿ. ಇದೊಂದು ವಿಷಯದಲ್ಲಿ ಮೇಲ್ ಸಾಕಾಗುವುದಿಲ್ಲ, ಎಷ್ಟೇ ಚೆನ್ನಾಗಿ ಬರೆದಿರಲಿ. ಚೆನ್ನಾಗಿ ಬರೆದಿದ್ದರೆ ಇನ್ನೂ ಹೆಚ್ಚು ಅನುಮಾನಿಸಿ.

ವಂಚಕರು ಒಬ್ಬರ ಮೇಲ್ ಪೆಟ್ಟಿಗೆಯೊಳಗೆ ನುಗ್ಗಿ ದಿನಗಟ್ಟಲೆ ಸುಮ್ಮನೆ ಓದುತ್ತಾ ಕೂರುತ್ತಾರೆ. ಯಾವ ಇನ್‌ವಾಯ್ಸ್ ಬಾಕಿ ಇದೆ, ಯಾರು ಯಾರಿಗೆ ಹೇಗೆ ಬರೆಯುತ್ತಾರೆ ಎಲ್ಲ ತಿಳಿದುಕೊಂಡು, ಹಣ ಹೋಗುವ ಹೊತ್ತಿಗೆ ಸರಿಯಾಗಿ ಮೇಲ್ ಹಾಕುತ್ತಾರೆ. ವಿಳಾಸದಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿರುತ್ತದೆ. ಇಂಗ್ಲಿಷಿನ 'ಆರ್' ಮತ್ತು 'ಎನ್' ಸಣ್ಣಕ್ಷರಗಳು ಅಕ್ಕಪಕ್ಕ ಕೂತರೆ 'ಎಂ'ನಂತೆ ಕಾಣುತ್ತವೆ, ಮೊಬೈಲ್ ಪರದೆಯ ಮೇಲಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವೊಮ್ಮೆ ಅಷ್ಟೂ ಇರುವುದಿಲ್ಲ, ನಿಜವಾದ ವಿಳಾಸದಿಂದಲೇ ಬರುತ್ತದೆ.

ಫೋನ್ ಮಾಡಿ. ಆ ಮೇಲ್‌ನಲ್ಲಿ ಕೊಟ್ಟಿರುವ ನಂಬರಿಗೆ ಮಾಡಬಾರದು, ಹಳೆಯ ಇನ್‌ವಾಯ್ಸ್‌ನಲ್ಲೋ ನಿಮ್ಮ ಡೈರಿಯಲ್ಲೋ ಇರುವ ನಂಬರಿಗೆ ಮಾಡಿ. ಪರಿಚಯದ ದನಿ ಕೇಳಿ, ಖಾತೆ ಸಂಖ್ಯೆಯನ್ನು ಅವರ ಬಾಯಿಂದಲೇ ಹೇಳಿಸಿಕೊಂಡು ತಾಳೆ ನೋಡಿ. ಮೊದಲು ಒಂದು ಸಣ್ಣ ಮೊತ್ತ ಹಾಕಿ, ತಲುಪಿತೇ ಎಂದು ಮತ್ತೆ ಕೇಳಿ. ಹಣ ಹೋಗಿಯೇ ಬಿಟ್ಟಿದ್ದರೆ ತಕ್ಷಣ ನಿಮ್ಮ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಿ. ಮೇಲಿನವರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಾ ಸಂಜೆ ಮಾಡಿದರೆ ಹಣ ನಾಲ್ಕು ಖಾತೆ ದಾಟಿರುತ್ತದೆ.

"ನಾನು ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡ, ತುರ್ತಾಗಿ ಇಷ್ಟು ಹಣ ಕಳುಹಿಸು" ಎಂದು ಸಾಹೇಬರ ಹೆಸರಿನಲ್ಲಿ ಬರುವ ಸಂದೇಶಕ್ಕೂ ಇದೇ ಉತ್ತರ. ಫೋನ್ ಮಾಡಬೇಡ ಎಂದಿರುವುದೇ ಫೋನ್ ಮಾಡಲು ಸಾಕಷ್ಟು ಕಾರಣ.

ನಾನು ತಮಾಷೆಗೆ ಬರೆದದ್ದನ್ನು ಅವರು ಸಿಟ್ಟೆಂದು ತಿಳಿದರು. ಇದು ಬರವಣಿಗೆಯ ದೋಷವೇ?

ದೋಷ ಮಾಧ್ಯಮದ್ದು. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಅಮೆರಿಕದ ಪ್ರಯೋಗವೊಂದರಲ್ಲಿ ಜನರು ವ್ಯಂಗ್ಯದ ಮತ್ತು ಗಂಭೀರವಾದ ಮಾತುಗಳನ್ನು ಮೇಲ್‌ನಲ್ಲೂ ದನಿಯಲ್ಲೂ ಕಳುಹಿಸಿದರು. ಸುಮಾರು ಶೇಕಡಾ 78ರಷ್ಟು ಮಾತು ಸರಿಯಾಗಿಯೇ ಅರ್ಥವಾಗುತ್ತದೆ ಎಂದು ಕಳುಹಿಸಿದವರು ಅಂದಾಜಿಸಿದ್ದರು. ದನಿಯಲ್ಲಿ ಕೇಳಿದವರು ಹೆಚ್ಚುಕಡಿಮೆ ಅಷ್ಟೇ ಸರಿಯಾಗಿ ಗುರುತಿಸಿದರು. ಮೇಲ್ ಓದಿದವರು ಗುರುತಿಸಿದ್ದು ಶೇಕಡಾ 56ರಷ್ಟು, ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಸ್ವಲ್ಪ ವಾಸಿ. ಬರೆಯುವಾಗ ನಮ್ಮ ದನಿ ನಮ್ಮ ಕಿವಿಯಲ್ಲಿ ಇರುತ್ತದೆ, ಅದು ಓದುವವರಿಗೂ ಕೇಳಿಸುತ್ತದೆ ಎಂದು ನಂಬಿಬಿಡುತ್ತೇವೆ.

ನಮ್ಮ ಕಡೆಯ ಮಾತಿನ ಗತ್ತು ಗೊತ್ತೇ ಇದೆ. ಎದುರಿಗೆ ನಗುತ್ತಾ ಹೇಳಿದರೆ ಸಲಿಗೆ ಅನ್ನಿಸುವ ಮಾತನ್ನು ಬೆಂಗಳೂರಿನ ಗ್ರಾಹಕರು ಮೇಲ್‌ನಲ್ಲಿ ಓದಿದರೆ ಇವರು ಹೊಡೆಯಲು ಬರುತ್ತಿದ್ದಾರೆ ಅಂದುಕೊಂಡಾರು. ತಮಾಷೆ, ಬೈಗುಳ, ಬುದ್ಧಿಮಾತು, ಈ ಮೂರನ್ನೂ ಬಾಯಲ್ಲೇ ಇಟ್ಟುಕೊಳ್ಳಿ.

"ಸಂವಹನದಲ್ಲಿ ಶೇಕಡಾ 93ರಷ್ಟು ದೇಹಭಾಷೆ ಮತ್ತು ದನಿ, ಪದಗಳು 7 ಮಾತ್ರ" ಎಂದು ತರಬೇತಿಯಲ್ಲಿ ಹೇಳಿದರು. ಹಾಗಿದ್ದರೆ ಮೇಲ್ ವ್ಯರ್ಥವಲ್ಲವೇ?

ಆ ಅಂಕಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳದ್ದು. ಒಬ್ಬರಿಗೆ ಇಷ್ಟವೋ ಅನಿಷ್ಟವೋ ಎಂಬ ಭಾವನೆಯನ್ನು ಕೇಳುಗರು ಹೇಗೆ ಊಹಿಸುತ್ತಾರೆ ಎಂಬುದಷ್ಟಕ್ಕೇ ಅದು ಸಂಬಂಧಿಸಿದ್ದು, ಎಲ್ಲ ಮಾತಿಗೂ ಅನ್ವಯಿಸಬಾರದು ಎಂದು ಅವರೇ ಹೇಳಿದ್ದಾರೆ. ಪರ್ಚೇಸ್ ಆರ್ಡರ್ ಅನ್ನು ಮುಖಭಾವದಿಂದ ತಿಳಿಸಲಾಗುವುದಿಲ್ಲ.

ಬೇರೆ ವಿಭಾಗದವರಿಂದ ಸಹಾಯ ಬೇಕು. ಮೇಲ್ ಹಾಕಿದರೆ ಉತ್ತರವೇ ಇಲ್ಲ.

ಎದ್ದು ಹೋಗಿ ಕೇಳಿ. ಮಹ್ದಿ ರೊಘನಿಜಾದ್ ಮತ್ತು ವನೆಸ್ಸಾ ಬಾನ್ಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರಿಗೆ ಒಂದೇ ಕೋರಿಕೆಯನ್ನು ಅದೇ ಮಾತುಗಳಲ್ಲಿ ಸಲ್ಲಿಸಿದಾಗ, ಎದುರು ನಿಂತು ಕೇಳಿದ್ದು ಮೇಲ್‌ಗಿಂತ 34 ಪಟ್ಟು ಹೆಚ್ಚು ಫಲ ಕೊಟ್ಟಿತು. ಅಪರಿಚಿತರ ಲೆಕ್ಕವಾದ್ದರಿಂದ ಸಹೋದ್ಯೋಗಿಗಳ ನಡುವೆ ಅಂತರ ಅಷ್ಟು ಇರಲಾರದು. ಆದರೂ ಸ್ಟೋರ್ಸ್‌ನ ಕಿಟಕಿಯ ಮುಂದೆ ನಿಂತು "ಅಣ್ಣ, ಆ ಇನ್ಸರ್ಟ್ ಬಾಕ್ಸ್ ಇಂದು ಸಿಕ್ಕರೆ ರಾತ್ರಿ ಪಾಳಿ ನಿಲ್ಲುವುದಿಲ್ಲ" ಎಂದವರಿಗೆ ಇಲ್ಲ ಎನ್ನುವುದು ಕಷ್ಟ. ಇಂಡೆಂಟ್ (ಸಾಮಗ್ರಿ ಬೇಡಿಕೆಯ ಚೀಟಿ) ಮಾತ್ರ ಜೊತೆಗೇ ಒಯ್ಯಿರಿ. ಅದಿಲ್ಲದೆ ಬಾಕ್ಸ್ ಕೊಟ್ಟರೆ ತಿಂಗಳ ಕೊನೆಯಲ್ಲಿ ದಾಸ್ತಾನು ಲೆಕ್ಕಕ್ಕೆ ಉತ್ತರಿಸಬೇಕಾದವರು ಅದೇ ಅಣ್ಣ.

ಸಾಹೇಬರನ್ನು ಸಿಸಿಯಲ್ಲಿ ಹಾಕಬೇಕೇ?

ಮೊದಲ ಮೇಲ್‌ನಿಂದಲೇ ಇದ್ದರೆ ಇರಲಿ, ಅದು ಮಾಹಿತಿ. ಸಹೋದ್ಯೋಗಿಯೊಂದಿಗೆ ಮಾತು ಬೆಳೆದು ನಡುವೆ ಸಾಹೇಬರನ್ನು ಸೇರಿಸಿದರೆ ಅದು ಚಾಡಿ, ಎಲ್ಲರೂ ಹಾಗೆಯೇ ಓದುತ್ತಾರೆ. ಸೇರಿಸಲೇಬೇಕಾದ ಸಂದರ್ಭ ಬಂದರೆ ಮೊದಲು ಆ ಸಹೋದ್ಯೋಗಿಯ ಮೇಜಿಗೆ ಹೋಗಿ "ಇದು ನಮ್ಮಿಬ್ಬರಿಂದ ಮುಗಿಯುವುದಿಲ್ಲ, ಮೇಲೆ ಕೇಳುತ್ತೇನೆ" ಎಂದು ಹೇಳಿ. ಬಿಸಿಸಿ ಹಾಕಿ ಗುಟ್ಟಾಗಿ ಓದಿಸುವ ಚಾಳಿ ಬೇಡ. ಗುಟ್ಟಾಗಿ ಓದುತ್ತಿದ್ದವರು ಎಂದೋ ಒಂದು ದಿನ ಮೈಮರೆತು ಎಲ್ಲರಿಗೂ ಉತ್ತರ ಒತ್ತುತ್ತಾರೆ.

ಸಿಟ್ಟಿನಲ್ಲಿ ಮೇಲ್ ಬರೆದಿದ್ದೇನೆ. ಕಳುಹಿಸಲೇ?

ಬೇಡ. ಯಾರ ಹೆಸರನ್ನೂ ವಿಳಾಸದ ಜಾಗದಲ್ಲಿ ಹಾಕದೆ ಉಳಿಸಿಡಿ, ಊಟ ಮಾಡಿ ಬಂದು ಓದಿ. ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ಹಿಂಪಡೆಯಲು ಹೆಚ್ಚೆಂದರೆ 30 ಸೆಕೆಂಡು ಸಿಗುತ್ತದೆ. ಸಿಟ್ಟು ಅಷ್ಟರಲ್ಲಿ ಇಳಿಯುವುದಿಲ್ಲ.

ವಾಟ್ಸ್‌ಆ್ಯಪ್ ಇರುವಾಗ ಮೇಲ್ ಏಕೆ?

ಲಾರಿ ಹೊರಟಿತು, ಕರೆಂಟ್ ಹೋಯಿತು, ಚಾಲಕರ ನಂಬರ್ ಇದು: ಇಂಥವಕ್ಕೆ ವಾಟ್ಸ್‌ಆ್ಯಪ್‌ಗಿಂತ ಒಳ್ಳೆಯದು ಇಲ್ಲ. ದೋಷದ ಫೋಟೋ ಕಳುಹಿಸುವುದಕ್ಕೂ ಸರಿ. ತೀರ್ಮಾನಗಳನ್ನು ಅಲ್ಲಿ ಬಿಡಬೇಡಿ. ಕಳುಹಿಸಿದವರು ಅಳಿಸಬಹುದು, 15 ನಿಮಿಷದೊಳಗೆ ತಿದ್ದಬಹುದು, ತಾನಾಗಿ ಮಾಯವಾಗುವಂತೆಯೂ ಇಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಸಂದೇಶ ಇರುವುದು ಒಬ್ಬರ ಸ್ವಂತ ಮೊಬೈಲ್‌ನಲ್ಲಿ. ಅವರು ಕೆಲಸ ಬಿಟ್ಟು ಹೋದ ದಿನ ಕಾರ್ಖಾನೆಯ ಅರ್ಧ ಇತಿಹಾಸವೂ ಅವರ ಜೇಬಿನಲ್ಲಿ ಗೇಟು ದಾಟುತ್ತದೆ. ಗ್ರಾಹಕರು ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ಹೆಚ್ಚಿಸಿದರೆ "ಆಗಲಿ, ಮೇಲ್‌ನಲ್ಲಿ ಖಚಿತಪಡಿಸುತ್ತೇನೆ" ಎಂದು ಉತ್ತರಿಸಿ, ಮೇಲ್ ನೀವೇ ಹಾಕಿ. ಅವರು ಹಾಕಲಿ ಎಂದು ಕಾದರೆ ಅದು ಬರುವುದಿಲ್ಲ.

ಜರ್ಮನಿಯ ಗ್ರಾಹಕರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಬಹುದು?

ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ, ಉಳಿದ ದಿನಗಳಲ್ಲಿ ನಾಲ್ಕೂವರೆ ಗಂಟೆ. ಅಲ್ಲಿ ಬೆಳಿಗ್ಗೆ 9 ಆದಾಗ ಇಲ್ಲಿ ಮಧ್ಯಾಹ್ನ 12.30 ಅಥವಾ 1.30. ಮಧ್ಯಾಹ್ನದೊಳಗೆ ಮೇಲ್ ಹಾಕಿಟ್ಟರೆ ಅವರು ಕಚೇರಿಗೆ ಬಂದ ಕೂಡಲೇ ಓದುತ್ತಾರೆ, ಸಂಜೆಯೊಳಗೆ ಉತ್ತರ ನಮ್ಮ ಕೈಯಲ್ಲಿರುತ್ತದೆ. ಹೇಳದೆ ಕೇಳದೆ ಫೋನ್ ಮಾಡುವುದು ಅಲ್ಲಿ ಅಷ್ಟು ರೂಢಿಯಲ್ಲಿಲ್ಲ. ಇಂಥ ಹೊತ್ತಿಗೆ ಮಾತನಾಡಬಹುದೇ ಎಂದು ಮೇಲ್‌ನಲ್ಲಿ ಕೇಳಿ ಸಮಯ ಗೊತ್ತುಮಾಡಿಕೊಳ್ಳಿ. ಗಣೇಶ ಹಬ್ಬಕ್ಕೆ ಬೆಳಗಾವಿಯಲ್ಲಿ ಎಷ್ಟು ದಿನ ಕೆಲಸ ನಿಧಾನವಾಗುತ್ತದೆ ಎಂಬುದು ಅವರಿಗೆ ತಿಳಿಯುವ ದಾರಿಯೇ ಇಲ್ಲ. ಒಂದು ತಿಂಗಳು ಮೊದಲೇ ಬರೆದು, ರವಾನೆಯ ದಿನಾಂಕ ಹೊಂದಿಸಿಕೊಳ್ಳಿ.

ಮೇಲ್ ಅನ್ನು ಕನ್ನಡದಲ್ಲಿ ಬರೆಯಬಹುದೇ?

ಬರೆಯಬಹುದು, ಒಳಗಿನ ಸೂಚನೆಗಳನ್ನಾದರೂ ಬರೆಯಲೇಬೇಕು. ಸುರಕ್ಷತೆಯ ಸೂಚನೆ, ರಜೆಯ ಸುತ್ತೋಲೆ, ಪಾಳಿಯ ಬದಲಾವಣೆ ಇವನ್ನು ಅರೆಬರೆ ಇಂಗ್ಲಿಷಿನಲ್ಲಿ ಬರೆದು, ಆಮೇಲೆ ಗೇಟಿನ ಬಳಿ ನಿಂತು ಒಬ್ಬೊಬ್ಬರಿಗೂ ಅರ್ಥ ಹೇಳುವುದಕ್ಕಿಂತ ಮೊದಲೇ ಕನ್ನಡದಲ್ಲಿ, ಬೇಕಿದ್ದರೆ ಕೆಳಗೆ ಮರಾಠಿಯಲ್ಲೂ ಬರೆದರೆ ಕೆಲಸ ಮುಗಿಯಿತು. ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಅಂಟಿಸಿದರೆ ಆ ಕಡೆ ಬರೀ ಚಿತ್ರವಿಚಿತ್ರ ಅಕ್ಷರ ಕಾಣಿಸುತ್ತದೆ, ಯೂನಿಕೋಡ್ ಬಳಸಿ. "ಸಾಹೇಬರಿಗೆ ನಮಸ್ಕಾರ" ಎಂದು ಶುರುಮಾಡಿದರೆ ಸಾಕು, "ತಮ್ಮ ಘನ ಸನ್ನಿಧಾನಕ್ಕೆ" ಎಂಬಲ್ಲಿಂದ ಹೊರಡಬೇಕಿಲ್ಲ.

ಸರ್ಕಾರಿ ಕಚೇರಿಯಲ್ಲಿ ಇರುವವರಿಗೆ ಬೇರೆ ನಿಯಮವೇ?

ಒಂದು ಎಚ್ಚರ ಹೆಚ್ಚು ಬೇಕು. 2005ರ ಮಾಹಿತಿ ಹಕ್ಕು ಕಾಯ್ದೆ "ಮಾಹಿತಿ" ಎಂದರೆ ಏನು ಎಂದು ಹೇಳುವಾಗ ಇಮೇಲ್ ಅನ್ನು ಹೆಸರಿಸಿಯೇ ಸೇರಿಸಿದೆ. ಸಹೋದ್ಯೋಗಿಗೆ ಬರೆದ ಟೀಕೆಯನ್ನು ನಾಳೆ ಅರ್ಜಿದಾರರೊಬ್ಬರು ಕೇಳಿ ಪಡೆಯಬಹುದು. ಅದಕ್ಕೆ ಹೆದರಿ ಎಲ್ಲವನ್ನೂ ಬಾಯಿಮಾತಿನಲ್ಲೇ ನಡೆಸುವವರಿದ್ದಾರೆ, ಅದು ಇನ್ನೂ ಅಪಾಯ. ಮೇಲಧಿಕಾರಿ ಬಾಯಲ್ಲಿ ಕೊಟ್ಟ ಆದೇಶವನ್ನು ಕಡತದಲ್ಲಿ ನಮೂದಿಸದೆ ಪಾಲಿಸಿದರೆ ವಿಚಾರಣೆಯ ದಿನ ಒಬ್ಬರೇ ನಿಂತಿರುತ್ತೀರಿ.

ಸಂಬಳ ಹೆಚ್ಚಿಸಲು ಕೇಳುವುದು ಹೇಗೆ? ರಾಜೀನಾಮೆ?

ಎರಡೂ ಮೊದಲು ಎದುರಿಗೆ, ಬಾಗಿಲು ಹಾಕಿದ ಕೋಣೆಯಲ್ಲಿ. ಸಂಬಳದ ವಿಷಯದಲ್ಲಿ ಸಾಹೇಬರು ಒಪ್ಪಿದರೆ ಅವರು ಹೇಳಿದ ಮೊತ್ತ ಮತ್ತು ಯಾವ ತಿಂಗಳಿನಿಂದ ಎಂಬುದನ್ನು ಧನ್ಯವಾದದ ಮೇಲ್‌ನಲ್ಲೇ ಸೇರಿಸಿಬಿಡಿ. "ದೀಪಾವಳಿ ಆದ ಮೇಲೆ ನೋಡೋಣ" ಎಂದಿದ್ದರೆ ಅದನ್ನೂ ಬರೆಯಿರಿ, ದೀಪಾವಳಿ ಪ್ರತಿ ವರ್ಷ ಬರುತ್ತದೆ. ರಾಜೀನಾಮೆಯನ್ನು ಮಾತನಾಡಿದ ದಿನವೇ ಮೇಲ್ ಮಾಡಿ, ನೋಟಿಸ್ ಅವಧಿ ಎಣಿಸುವುದಕ್ಕೆ ಆ ದಿನಾಂಕ ಬೇಕಾಗುತ್ತದೆ.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾಗಿದೆ. ಮೊದಲು ಆ ವ್ಯಕ್ತಿಯೊಂದಿಗೆ ಮಾತನಾಡಿ ಬಗೆಹರಿಸಿಕೊಳ್ಳಿ ಎನ್ನುತ್ತಾರೆ.

ಮೊದಲು ಮಾತು ಎಂಬ ನಿಯಮ ಇಲ್ಲಿ ಅನ್ವಯಿಸುವುದೇ ಇಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ದೂರು ಲಿಖಿತವಾಗಿರಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ದೂರುದಾರರಿಗೆ ಬರೆಯಲು ಆಗದಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕರ್ತವ್ಯ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಚಿಕ್ಕ ಘಟಕದವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ಬಂದ ಸಂದೇಶ, ಮೇಲ್ ಯಾವುದನ್ನೂ ಅಳಿಸಬೇಡಿ.

ಮೇಲ್‌ಗೆ ಎಷ್ಟು ದಿನ ಕಾಯಬೇಕು?

ಒಂದು ಪೂರ್ಣ ಕೆಲಸದ ದಿನ. ಆಮೇಲೆ ಫೋನ್. ಅದೇ ಮೇಲ್ ಅನ್ನು "ನೆನಪಿನೋಲೆ 3" ಎಂದು ಮತ್ತೆ ಮತ್ತೆ ಕಳುಹಿಸುವವರು ಕೆಲಸ ಮಾಡಿಸುತ್ತಿಲ್ಲ, ತಮ್ಮ ತಪ್ಪಿಲ್ಲ ಎಂಬುದಕ್ಕೆ ಸಾಕ್ಷಿ ಕೂಡಿಸುತ್ತಿದ್ದಾರೆ ಅಷ್ಟೇ.

ಡ್ಯೂಟಿ ಮುಗಿದು ಮನೆಗೆ ಹೋದ ಮೇಲೆ ಬಂದ ಮೇಲ್‌ಗೆ ಅಂದೇ ಉತ್ತರಿಸಬೇಕೇ?

ಬೇಕಿಲ್ಲ, ಬೆಳಿಗ್ಗೆ ನೋಡಿದರೆ ಆಯಿತು. ಫರ್ನೇಸ್ ನಿಂತರೆ ಯಾರೂ ಮೇಲ್ ಹಾಕುತ್ತಾ ಕೂರುವುದಿಲ್ಲ, ಫೋನ್ ಮಾಡುತ್ತಾರೆ. ಫೋನ್ ಮಾತ್ರ ಸೈಲೆಂಟ್‌ನಲ್ಲಿ ಇಡಬೇಡಿ.